ಅರ್ಥ ಗೊತ್ತುಂಟಾ ಎಂದು ಕೇಳುವ ಮೊದಲು

ಕಾಸರಗೋಡಿನ ಬದಿಯಡ್ಕದ ಆಚೆಗಿನ ಒಂದು ಮನೆಯ ಜಗಲಿ. ಅಜ್ಜ ಕಾಲು ಚಾಚಿ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಪಕ್ಕದಲ್ಲಿ ಏಳು ವರ್ಷದ ಮೊಮ್ಮಗ ಮೊಣಕಾಲಿನ ಮೇಲೆ ಗಲ್ಲ ಊರಿಕೊಂಡು, ಹಿಂದಿನ ವಾರ ತಾಳಮದ್ದಳೆಯಲ್ಲಿ, ಅಂದರೆ ಕೂತು ಹಾಡಿ ಮಾತಾಡುವ ಯಕ್ಷಗಾನದಲ್ಲಿ, ಕೇಳಿದ ಒಂದು ಭಾಮಿನಿ ಷಟ್ಪದಿಯನ್ನು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಾನೆ. ಅರ್ಧ ಶಬ್ದಗಳು ಸರಿ ಇವೆ, ಉಳಿದರ್ಧ ಅವನದೇ ತಯಾರಿ. ಆದರೆ ಎಳೆಯುವಲ್ಲಿ ಎಳೆಯುತ್ತಾನೆ, ನಿಲ್ಲಿಸುವಲ್ಲಿ ನಿಲ್ಲಿಸುತ್ತಾನೆ. ಸುಲಿದ ಅಡಿಕೆ ಕುಕ್ಕೆಗೆ ಬೀಳುವ ಸದ್ದೂ ಅದರ ಜತೆ ಸೇರಿಕೊಂಡಿದೆ. ಅಷ್ಟರಲ್ಲಿ ಒಳಗಿನಿಂದ ಅಪ್ಪ ಬಂದರು. ‘ಓ, ಚಂದ ಹೇಳ್ತಾನಲ್ಲ! ಅರ್ಥ ಗೊತ್ತುಂಟಾ ಮಗಾ?’ ಹುಡುಗ ಸುಮ್ಮನಾದ. ಸ್ವಲ್ಪ ಹೊತ್ತು ಸಿಪ್ಪೆ ಕೆದಕಿದ, ಆಮೇಲೆ ಎದ್ದು ಅಂಗಳಕ್ಕೆ ಹೋದ. ಅಜ್ಜ ಕತ್ತಿಯಿಂದ ಕಣ್ಣೆತ್ತದೆ ಹೇಳಿದ್ದಿಷ್ಟೇ: ‘ಅವ ಹೇಳ್ತಾ ಇದ್ದ. ನೀನು ಯಾಕೆ ಪರೀಕ್ಷೆ ಇಟ್ಟದ್ದು?’

ಆ ಮನೆಯವರು ಮಗನನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವವರು. ಶಾಲೆ ಬಿಡುವುದು ಸುಲಭ, ಶಾಲೆಯ ಅಭ್ಯಾಸ ಬಿಡುವುದು ಕಷ್ಟ. ಅದರಲ್ಲೂ ಪದ್ಯ ಮುಗಿದ ಕೂಡಲೇ ಪ್ರಶ್ನೆ ಕೇಳುವ ಚಟ ಮನೆಶಾಲೆಯವರಲ್ಲೂ ಹೋಗಿರುವುದಿಲ್ಲ. ಗಣಿತದಲ್ಲಿ ಸ್ವಾತಂತ್ರ್ಯ ಕೊಟ್ಟವರೂ ಪದ್ಯಕ್ಕೆ ಬಂದಾಗ ‘ಕವಿ ಇಲ್ಲಿ ಏನು ಹೇಳುತ್ತಾನೆ’ ಎಂದು ಮೇಷ್ಟ್ರಾಗಿಬಿಡುತ್ತಾರೆ.

ಇದು ನಮ್ಮ ಕಾಸರಗೋಡಿನಲ್ಲಿ ಆಗುವುದು ಇನ್ನೂ ವಿಚಿತ್ರ. ಇಲ್ಲಿನ ಮಗುವಿಗೆ ಅರ್ಥವಾಗದ ಮಾತು ಅಂದರೆ ಹೆದರಿಕೆಯೇ ಇಲ್ಲ. ಮನೆಯೊಳಗೆ ಹವ್ಯಕವೋ ಕರಾಡ ಮರಾಠಿಯೋ, ತೋಟದ ಕೆಲಸಕ್ಕೆ ಬಂದವರಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ದಿನಸಿ ಅಂಗಡಿಯಲ್ಲಿ ಕೊಂಕಣಿ, ಮೀನಿನವರ ಬಾಯಲ್ಲಿ ಬ್ಯಾರಿ, ಪೇಪರಿನಲ್ಲಿ ಕನ್ನಡ. ಅರ್ಧ ತಿಳಿದ ಮಾತಿನ ನಡುವೆ ಅದು ದಿನವಿಡೀ ಆರಾಮವಾಗಿ ಓಡಾಡಿಕೊಂಡಿರುತ್ತದೆ. ದನಿ ಮೊದಲು, ಧಾಟಿ ಆಮೇಲೆ, ಶಬ್ದ ಕೊನೆಗೆ. ಪದ್ಯಕ್ಕೆ ಬೇಕಾದ ಕಿವಿ ಇದೇ ಅಲ್ಲವೇ? ಊರು ಪುಕ್ಕಟೆಯಾಗಿ ಕೊಟ್ಟ ಈ ಕಿವಿಯನ್ನು ಒಂದು ಪ್ರಶ್ನೆಯಿಂದ ಮುಚ್ಚಿಸಿಬಿಡುತ್ತೇವೆ.

ಏಳು ಮಾತ್ರೆಯ ಕೈ

ಪದ್ಯಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ಆದರೆ ಒಂದೇ ಹೊತ್ತಿಗೆ, ಒಂದೇ ಪದ್ಯ, ಒಂದು ವಾರ. ಬೆಳಗ್ಗಿನ ಚಾಯ ಆದ ಮೇಲೆ ಅಂತ ಇಟ್ಟುಕೊಂಡರೆ ತಪ್ಪುವುದಿಲ್ಲ. ಮೊದಲ ಎರಡು ದಿನ ದೊಡ್ಡವರು ಹೇಳುವುದು, ಮಕ್ಕಳು ಬೇಕಾದ್ದು ಮಾಡಿಕೊಂಡಿರಬಹುದು. ಮೂರನೆಯ ದಿನ ಸಾಲಿನ ಕೊನೆಯ ಶಬ್ದವನ್ನು ನುಂಗಿ ನಿಲ್ಲಿಸಿ, ಮಗುವೇ ತುಂಬುತ್ತದೆ. ನಾಲ್ಕನೆಯದೋ ಐದನೆಯದೋ ದಿನ ಯಾವುದಾದರೂ ಒಂದು ಶಬ್ದದ ಬಗ್ಗೆ ತಾನಾಗಿ ಕೇಳುತ್ತದೆ. ಆಗ ಆ ಒಂದು ಶಬ್ದಕ್ಕಷ್ಟೇ ಉತ್ತರ ಕೊಡಿ. ಸಿಕ್ಕಿತು ಅವಕಾಶ ಎಂದು ಇಡೀ ಪದ್ಯದ ಭಾವಾರ್ಥಕ್ಕೆ ಇಳಿದರೆ ಮರುದಿನ ಅದು ಏನನ್ನೂ ಕೇಳುವುದಿಲ್ಲ.

ಕಿವಿಯ ಜತೆ ಕೈಗೂ ಕೆಲಸ ಬೇಕು. ಭಾಮಿನಿ ಷಟ್ಪದಿಯ ಮೂರು–ನಾಲ್ಕು, ಮೂರು–ನಾಲ್ಕು ಮಾತ್ರೆಯ ನಡೆ ಅದಕ್ಕೆ ಹೇಳಿ ಮಾಡಿಸಿದ್ದು. ಹಳೆಯ ಕಾವ್ಯದ ಪದ್ಯಗಳಲ್ಲಿ ಶಬ್ದಗಳು ಗಣದ ಗಡಿ ದಾಟಿ ಓಡುತ್ತವೆ, ಆರಂಭಕ್ಕೆ ಅದು ತೊಡಕು. ಗಣಕ್ಕೊಂದು ಶಬ್ದ ಕೂರುವಂಥ ಸಾಲನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು:

ಮಳೆಯು ಸುರಿಯಿತು ಕೊಡೆಯು ಹಾರಿತು
ಹೊಳೆಯ ನೀರಲಿ ಕಪ್ಪೆ ಕುಣಿಯಿತು
ಬೆಳೆದ ಬಾಳೆಯ ಎಲೆಯ ಕೆಳಗಡೆ ನಿಂತು ನಕ್ಕೆನು ನಾ

ಇದು ಅರ್ಧ ಷಟ್ಪದಿ. ಮೊದಲೆರಡು ಸಾಲಿಗೆ ಹದಿನಾಲ್ಕು ಹದಿನಾಲ್ಕು ಮಾತ್ರೆ, ಮೂರನೆಯದಕ್ಕೆ ಇಪ್ಪತ್ತಮೂರು. ಮೂರರ ಗಣ ಶುರುವಾಗುವಾಗ ತೊಡೆಗೆ ಒಂದು ಪೆಟ್ಟು, ನಾಲ್ಕರದಕ್ಕೆ ಕೈಗೆ ಕೈ. ಕೊನೆಯ ‘ನಾ’ ಎರಡೇ ಮಾತ್ರೆ. ಏಳು ತುಂಬಲು ಇನ್ನೂ ಐದು ಖಾಲಿ ಬಿಡಬೇಕು. ಮಕ್ಕಳು ಎಡವುವುದು ಇಲ್ಲೇ, ಖಾಲಿ ಜಾಗ ಕಂಡರೆ ಮುಂದಿನ ಸಾಲಿಗೆ ಹಾರಿಬಿಡುತ್ತಾರೆ. ಬಾಯಿ ಮುಚ್ಚಿ ಕೈಯಲ್ಲಿ ಮಾತ್ರ ಐದನ್ನು ಎಣಿಸಲಿ, ಎರಡು ದಿನದಲ್ಲಿ ಸರಿಯಾಗುತ್ತದೆ. ಇನ್ನೊಂದು ಎಡವಟ್ಟು ದೀರ್ಘದ್ದು. ‘ಬಾಳೆಯ’ ಎನ್ನುವುದನ್ನು ಅವಸರದಲ್ಲಿ ‘ಬಳೆಯ’ ಅಂದರೆ ನಾಲ್ಕು ಮೂರಾಗಿ ಕೈ ತಪ್ಪುತ್ತದೆ. ತಪ್ಪಿದ್ದು ಮಗುವಿನ ಕೈಗೇ ಗೊತ್ತಾಗುತ್ತದೆ, ನಾವು ಹೇಳಬೇಕಾಗಿಲ್ಲ. ಬಳೆ ಬೆಳೆಯುವುದಿಲ್ಲ, ಬಳೆಗೆ ಎಲೆಯೂ ಇಲ್ಲ ಎಂಬ ನಗು ಆಮೇಲಿನದು. ‘ಕಪ್ಪೆ’, ‘ನಕ್ಕೆನು’ಗಳ ಒತ್ತೂ ಹಾಗೆಯೇ. ಒತ್ತಕ್ಷರದ ಹಿಂದಿನದು ಗುರು ಎಂಬ ಸೂತ್ರವನ್ನು ಬಾಯಿಪಾಠ ಮಾಡಿಸುವ ಮೊದಲೇ ಅಂಗೈ ಅದನ್ನು ಕಲಿತಿರುತ್ತದೆ.

ಐದರ ನಡೆ ಬೇಕಿದ್ದರೆ ‘ಅಡಿಕೆಮರ ತೂಗುತಿದೆ ಗಾಳಿಯಲಿ ಬಾಗುತಿದೆ’ ಎಂಬಂಥದ್ದು, ವಾರ್ಧಕ ಷಟ್ಪದಿಯ ಒಂದು ಸಾಲು. ಎರಡನ್ನೂ ಒಂದೇ ವಾರ ತರಬೇಡಿ, ಏಳು ಮತ್ತು ಐದು ಕಲಸಿಹೋಗಿ ಎರಡೂ ಕೆಡುತ್ತವೆ. ಯಕ್ಷಗಾನದ ಆಟ ನೋಡುವ ಮಕ್ಕಳಿಗೆ ಏಳೆಂದರೆ ತ್ರಿವುಡೆ ತಾಳ, ಐದೆಂದರೆ ಝಂಪೆ ತಾಳ ಎಂದು ಪರಿಚಯ ಹೇಳಿದರೆ ಸಾಕು, ಚೆಂಡೆಯವರು ಉಳಿದದ್ದನ್ನು ಕಲಿಸುತ್ತಾರೆ. ಒಂದು ಎಚ್ಚರಿಕೆ: ಆಟದಲ್ಲಿ ಹಾಡುವ ಭಾಗವತರು ಭಾಮಿನಿ, ವಾರ್ಧಕ, ಕಂದಗಳನ್ನು ತಾಳಕ್ಕೆ ಕಟ್ಟದೆ ರಾಗದಲ್ಲಿ ಎಳೆದು ಹಾಡುವುದು ರೂಢಿ. ‘ಅವರು ಚಪ್ಪಾಳೆ ಹಾಕ್ಲೇ ಇಲ್ಲ’ ಎಂದು ಮಗು ಕೇಳುವುದು ಖಂಡಿತ. ಒಳಗೆ ಲೆಕ್ಕ ಇದ್ದವರಿಗೆ ಮಾತ್ರ ಹೊರಗೆ ಹಾಗೆ ಎಳೆಯಲು ಬರುತ್ತದೆ ಎಂದು ಹೇಳಬಹುದು.

ಮೂರು ಸಾಲಿನ ಎರಡನೆಯ ಅಕ್ಷರ ನೋಡಿ: ಮಳೆ, ಹೊಳೆ, ಬೆಳೆ. ಎಂಟು–ಹತ್ತು ವರ್ಷದ ಮಕ್ಕಳಿಗೆ ಇದು ಒಳ್ಳೆಯ ಬೇಟೆ. ಯಾರೂ ಹೇಳಿಕೊಡದೆ ಅದು ಕಣ್ಣಿಗೆ ಬಿದ್ದ ದಿನ ಮನೆಯಲ್ಲಿ ಹಬ್ಬ. ಈ ಪ್ರಾಸ ಇಲ್ಲದಿದ್ದರೆ ಪದ್ಯವೇ ಅಲ್ಲ ಎನ್ನುತ್ತಿದ್ದ ಕಾಲದಲ್ಲಿ ಅದನ್ನು ಕೈಬಿಟ್ಟು ಬರೆದವರು ನಮ್ಮ ಮಂಜೇಶ್ವರದ ಗೋವಿಂದ ಪೈಗಳು (1883–1963). ಅವರ ಮನೆಯ ಜಾಗದಲ್ಲಿ ಈಗ ಗಿಳಿವಿಂಡು ಎಂಬ ಅವರ ಸ್ಮಾರಕ ಇದೆ. ಪ್ರಾಸ ಹುಡುಕಲು ಕಲಿತ ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಹೇಳಲು ಒಂದು ಕಥೆ ಇರುತ್ತದೆ. ಕಲಿಯದ ಮಗುವಿಗೆ ಅದು ಬರೇ ಕಟ್ಟಡ.

ಕಪ್ಪು ಮನೆಗಳು

ಸಂಗೀತದಲ್ಲಿ ಆಗುವ ಮೊದಲ ಅನಾಹುತ ಶ್ರುತಿಯದ್ದು. ಅಪ್ಪ ತನ್ನ ಒಂದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂನ ಮೊದಲ ಬಿಳಿ ಕೀಲಿಯ ಮಟ್ಟದಲ್ಲಿ) ಹಾಡಿಕೊಡುತ್ತಾರೆ. ಸಣ್ಣ ಮಗು ಒಂದು ಸ್ಥಾಯಿ ಮೇಲೆ ಹಿಡಿಯಬೇಕಾದದ್ದನ್ನು ಬಿಟ್ಟು ಅಪ್ಪನ ತಗ್ಗಿಗೇ ಇಳಿಯಲು ನೋಡಿ ಗೊರಗೊರ ಮಾಡುತ್ತದೆ. ‘ಇವನಿಗೆ ಸ್ವರಜ್ಞಾನ ಇಲ್ಲ’ ಎಂದು ತೀರ್ಮಾನವಾಗುವುದು ಹೀಗೆ. ಮಗು ಅಂಗಳದಿಂದ ‘ಅಮ್ಮಾ’ ಎಂದು ಕರೆಯುವ ದನಿಯನ್ನು ಹಿಡಿದು, ಅದು ಹಾರ್ಮೋನಿಯಂನ ಯಾವ ಮನೆಗೆ ಬೀಳುತ್ತದೆ ನೋಡಿ, ಅದರ ಆಸುಪಾಸಿನಲ್ಲಿ ಹಾಡಿಸಿ. ಪರೀಕ್ಷೆ ಸರಳ: ಮೇಲಿನ ಷಡ್ಜಕ್ಕೆ (ಸ) ಕತ್ತಿನ ನರ ಉಬ್ಬಬಾರದು, ಕೆಳಗಿನ ಪಂಚಮ (ಪ) ಬರೇ ಗಾಳಿಯಾಗಬಾರದು. ಅಪ್ಪನೇ ಹಾಡಿಕೊಡುವುದಾದರೆ ಜತೆಗೆ ಹಾರ್ಮೋನಿಯಂನಲ್ಲಿ ಮಗುವಿನ ಸ್ಥಾಯಿಯ ಸ್ವರವನ್ನೂ ಒತ್ತಬೇಕು.

ರಾಗ ಎಂದರೇನು ಎಂದು ವಿವರಿಸಹೋಗಿ ಸೋತವರು ತುಂಬ ಜನ. ಅದರ ಬದಲು ಕಪ್ಪು ಮನೆಗಳನ್ನಷ್ಟೇ ಕೊಟ್ಟುಬಿಡಿ. ಆಟದ ಕೀಬೋರ್ಡಾದರೂ ಆದೀತು. ಕಪ್ಪು ಮನೆಗಳು ಎರಡು, ಮೂರರ ಗುಂಪಾಗಿವೆ, ಎರಡರ ಗುಂಪಿನಿಂದ ಎಣಿಸಿ ಕಪ್ಪು ಮೂರನ್ನು ಷಡ್ಜ ಮಾಡಿಕೊಂಡು ಐದು ಕಪ್ಪು ಮನೆಗಳನ್ನು ಸಾಲಾಗಿ ಒತ್ತಿದರೆ ಮೋಹನ ರಾಗ. ಅದೇ ಮನೆಗಳು, ಷಡ್ಜ ಮಾತ್ರ ಕಪ್ಪು ನಾಲ್ಕಕ್ಕೆ ಹೋದರೆ ಮಧ್ಯಮಾವತಿ. ಕಪ್ಪು ಐದರಿಂದ ಹಿಂದೋಳ, ಕಪ್ಪು ಒಂದರಿಂದ ಶುದ್ಧ ಸಾವೇರಿ, ಕಪ್ಪು ಎರಡರಿಂದ ಶುದ್ಧ ಧನ್ಯಾಸಿ. ಐದೇ ಮನೆ, ಐದು ರಾಗ. ಬಿಳಿ ಮನೆ ಮುಟ್ಟದಿರುವ ತನಕ ಮಗು ಏನು ಒತ್ತಿದರೂ ಅಪಸ್ವರ ಬರುವುದಿಲ್ಲ. ಆರು ವರ್ಷದವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ.

ಆದರೆ ಒಂದು ಕಡೆ ಕೆಡುತ್ತದೆ. ಹಿಂದೆ ಶ್ರುತಿ ಹಿಡಿಯದಿದ್ದರೆ ಎಲ್ಲವೂ ಮೋಹನವಾಗಿಯೇ ಕೇಳುತ್ತದೆ, ಕಿವಿ ತಾನು ಮೊದಲು ಹಿಡಿದ ಷಡ್ಜವನ್ನು ಸುಲಭಕ್ಕೆ ಬಿಡುವುದಿಲ್ಲ. ಆದ್ದರಿಂದ ಮೊಬೈಲಿನ ತಂಬೂರಿಯನ್ನು ಆಯಾ ಷಡ್ಜಕ್ಕೆ ಇಟ್ಟು, ಎರಡು ನಿಮಿಷ ಸುಮ್ಮನೆ ಕೇಳಿಸಿ, ಆಮೇಲೆ ಒತ್ತಿಸಬೇಕು. ಒಂದೇ ಕೂತಲ್ಲಿ ಐದನ್ನೂ ಮುಗಿಸುವ ಉತ್ಸಾಹ ಬೇಡ, ವಾರಕ್ಕೊಂದು ಸಾಕು. ಹಿಂದೋಳ ಮತ್ತು ಶುದ್ಧ ಧನ್ಯಾಸಿಗಳನ್ನು ಬೆನ್ನುಬೆನ್ನಿಗೆ ಇಡಲೇಬೇಡಿ, ಪಂಚಮ ಇದೆಯೋ ಇಲ್ಲವೋ ಎಂಬುದನ್ನು ಹಿಡಿಯಲು ಸ್ವಲ್ಪ ಪಳಗಿದ ಕಿವಿ ಬೇಕು. ಕಛೇರಿಯ ಕೊನೆಗೆ ಮಧ್ಯಮಾವತಿ ಬಂದಾಗ ‘ಕಪ್ಪು ನಾಲ್ಕು!’ ಎಂದು ಪಿಸುಗುಟ್ಟುವ ಮಗು ಆರೋಹಣ ಅವರೋಹಣ ಒಪ್ಪಿಸದಿದ್ದರೆ ಏನಂತೆ.

ಪಾಠ ಹೇಳುವವರು ಸಿಕ್ಕಿ ಮಾಯಾಮಾಳವಗೌಳದ ಸರಳೆ ಶುರುವಾದರೆ ಒಳ್ಳೆಯದೇ. ಆದರೆ ಪಾಠದ ಹೊತ್ತು ಬೇರೆ, ಕೇಳುವ ಹೊತ್ತು ಬೇರೆ. ಕೇಳುವಾಗ ‘ಯಾವ ರಾಗ ಹೇಳು’ ಎಂದು ಶುರುಮಾಡಿದರೆ ಮತ್ತೆ ಜಗಲಿಯ ಅಪ್ಪನ ಕಥೆಯೇ.

ಅರ್ಥ ಹೇಳುವುದು ಎಂದರೆ

ಮೇ ತಿಂಗಳ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯ ತನಕ ಯಕ್ಷಗಾನ ಮೇಳದ ಆಟ ಇಲ್ಲ. ಮಳೆಗಾಲಕ್ಕೆ ತಾಳಮದ್ದಳೆ. ವೇಷ ಬೇಡ, ರಂಗಸ್ಥಳ ಬೇಡ, ಚಾಪೆ ಸಾಕು. ಮನೆಶಾಲೆಗೆ ಇಷ್ಟು ಹೊಂದುವ ಇನ್ನೊಂದು ಕಲೆ ಯಾರೂ ಕಂಡುಹಿಡಿದಿಲ್ಲ ಎಂದೇ ನನ್ನ ಎಣಿಕೆ.

ಅದರ ಮಾತುಗಾರಿಕೆಗೆ ನಾವಿಟ್ಟ ಹೆಸರು ನೋಡಿ: ಅರ್ಥ. ಹೇಳುವವರು ಅರ್ಥಧಾರಿ. ಭಾಗವತರು ನಾಲ್ಕು ಸಾಲು ಹಾಡುತ್ತಾರೆ, ಅರ್ಥಧಾರಿ ಆ ನಾಲ್ಕು ಸಾಲನ್ನು ಗದ್ಯಕ್ಕೆ ಇಳಿಸಿ ಕೂರುವುದಿಲ್ಲ. ವಾಲಿಯಾಗಿ ಕೂತವರು ವಾಲಿಯ ಸಿಟ್ಟನ್ನು ತನ್ನ ಬಾಯಲ್ಲಿ ಹೊಸದಾಗಿ ಹುಟ್ಟಿಸುತ್ತಾರೆ, ಎದುರಿನವರು ಅದಕ್ಕೆ ಉತ್ತರ ಹುಡುಕಬೇಕಾಗುತ್ತದೆ. ಈ ಊರಿನ ಭಾಷೆಯಲ್ಲಿ ಅರ್ಥ ಎಂದರೆ ಪದ್ಯ ಕೇಳಿದ ಮೇಲೆ ಹುಟ್ಟುವ ಮಾತು, ಪದ್ಯದೊಳಗಿಂದ ಹೆಕ್ಕಿ ತೆಗೆದು ಒಪ್ಪಿಸುವ ಉತ್ತರ ಅಲ್ಲ. ಜಗಲಿಯ ಹುಡುಗನಿಗೆ ಬೇಕಿದ್ದದ್ದು ಒಬ್ಬ ಎದುರಾಳಿ. ಸಿಕ್ಕಿದವರು ಪರೀಕ್ಷಕರು.

ಮನೆಯಲ್ಲಿ ಮಾಡುವುದು ಹೀಗೆ. ಜಗಳ ಇರುವ ಸಂದರ್ಭ ಆರಿಸಿ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಲ್ಲಿ ಅಂಥವಕ್ಕೆ ಬರಗಾಲವಿಲ್ಲ. ಒಂದೇ ಒಂದು ಪದ್ಯ ಹಾಡಿ, ಹಾಡಲು ಬಾರದಿದ್ದರೆ ರೆಕಾರ್ಡ್ ಹಾಕಿ. ಒಬ್ಬರು ಎರಡು ನಿಮಿಷ ಮಾತಾಡಬೇಕು, ಇನ್ನೊಬ್ಬರು ಅವರ ಕೊನೆಯ ವಾಕ್ಯಕ್ಕೆ ಉತ್ತರ ಕೊಡಬೇಕು. ನಿಯಮ ಅಷ್ಟೇ. ದೊಡ್ಡ ಮಗು ಹತ್ತು ನಿಮಿಷ ಬಾರಿಸಿ ಸಣ್ಣದು ತೂಕಡಿಸುವುದು ಮಾಮೂಲಿ ಕಾಯಿಲೆ, ಎರಡು ನಿಮಿಷಕ್ಕೆ ಜಾಗಟೆ ಹೊಡೆಯುವ ಅಧಿಕಾರವನ್ನು ಅಜ್ಜಿಗೆ ಕೊಟ್ಟರೆ ವಾಸಿಯಾಗುತ್ತದೆ. ಮಾತು ಅರ್ಧ ತುಳುವಿಗೆ ಜಾರಿದರೆ ಜಾರಲಿ. ‘ರಾವಣ ಹಾಗೆ ಹೇಳ್ಲಿಕ್ಕಿಲ್ಲ’ ಎಂದು ನಡುವೆ ಬಾಯಿ ಹಾಕಬೇಡಿ, ರಾವಣ ಏನು ಬೇಕಾದರೂ ಹೇಳಿಯಾನು.

ಕೇರಳದ ಶಾಲಾ ಕಲೋತ್ಸವದಲ್ಲಿ ಕನ್ನಡ ಪದ್ಯ ಹೇಳುವುದೂ ಯಕ್ಷಗಾನವೂ ಸ್ಪರ್ಧೆಗಳು. ಅಲ್ಲಿಗೆ ಅಳೆದು ತೂಗಿದ ಹಾವಭಾವ, ನಿಮಿಷದ ಲೆಕ್ಕ, ಗ್ರೇಡು ಎಲ್ಲ ಬೇಕು. ಮನೆಗೆ ಅದನ್ನು ತಂದುಕೊಳ್ಳಬೇಕಾಗಿಲ್ಲ. ಅಂಕದ ಚಿಂತೆಯೇ ಇರುವವರಿಗೆ ಕೇಂದ್ರದ ಮುಕ್ತ ಶಾಲೆಯಾದ ಎನ್‌ಐಓಎಸ್‌ನ ಹತ್ತನೆಯ ತರಗತಿಯಲ್ಲಿ ಚಿತ್ರಕಲೆಯೂ ಕರ್ನಾಟಕ ಸಂಗೀತವೂ ವಿಷಯಗಳಾಗಿಯೇ ಇವೆ. ಆ ಪರೀಕ್ಷೆಗೆ 14 ವರ್ಷ ತುಂಬಬೇಕು. ಏಳರ ಮಗುವಿಗೆ ಇನ್ನೂ ಏಳು ವರ್ಷ ಪುರುಸೊತ್ತು.

ಚೌಕಿಯಿಂದ ಕೆಂಪುಮಣ್ಣಿಗೆ

ಬಣ್ಣದ ವಿಷಯಕ್ಕೆ ಬಂದರೆ ಮಕ್ಕಳನ್ನು ಒಮ್ಮೆ ಚೌಕಿಯಲ್ಲಿ, ಆಟದವರು ವೇಷ ಕಟ್ಟುವ ಜಾಗದಲ್ಲಿ, ಕೂರಿಸಬೇಕು. ರಂಗಸ್ಥಳ ಆಮೇಲೆ ನೋಡಬಹುದು. ಬಣ್ಣದ ವೇಷದವರು ಚುಟ್ಟಿ ಇಡುವುದನ್ನು ಹತ್ತಿರದಿಂದ ಕಂಡ ಒಂದು ಹುಡುಗಿಯ ಮುಖ ಮರೆಯುವಂಥದ್ದಲ್ಲ. ಅಕ್ಕಿಹಿಟ್ಟು, ಸುಣ್ಣ ಸೇರಿಸಿ ನುಣ್ಣಗೆ ಕಲಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ತೆಗೆದು ಕೆನ್ನೆಯ ಮೇಲೆ ಒಂದು ಚುಕ್ಕಿ. ಅದರ ಪಕ್ಕ ಇನ್ನೊಂದು. ಸ್ವಲ್ಪ ಒಣಗಿದ ಮೇಲೆ ಅದರ ಮೇಲೇ ಮತ್ತೊಂದು, ಮುಳ್ಳಿನಂತೆ ಎದ್ದು ನಿಲ್ಲುವ ತನಕ. ಕನ್ನಡಿ ಎಡಗೈಯಲ್ಲಿ, ಉಸಿರು ಬಿಗಿಹಿಡಿದು. ಹುಡುಗಿಯ ಬೆರಳು ತಾನಾಗಿ ಮುಂದೆ ಹೋಯಿತು. ‘ಮುಟ್ಟಬೇಡ ಮಗಾ, ಒಣಗ್ಲಿಲ್ಲ’ ಎಂದರು ಅವರು, ಕನ್ನಡಿಯಿಂದ ಕಣ್ಣು ತೆಗೆಯದೆ. ಅವಳು ಎರಡು ಗಂಟೆ ಅಲ್ಲೇ ಕೂತಳು. ಆಟಕ್ಕೆ ಚೆಂಡೆ ಬಿದ್ದಾಗ ನಿದ್ದೆ.

ಚೌಕಿಯ ಮತ್ತು ತೆಯ್ಯದ ಅಣಿಯರೆಯ (ದೈವದ ವೇಷ ಕಟ್ಟುವ ಜಾಗದ) ಬಣ್ಣಗಳನ್ನು ಮಾತ್ರ ಮನೆಗೆ ತರಬೇಡಿ. ಕೆಂಪಿನ ಸಾಂಪ್ರದಾಯಿಕ ಇಂಗಳೀಕದಲ್ಲಿ ಪಾದರಸ ಇದೆ, ಹಳದಿಯ ಹರಿತಾಳದಲ್ಲಿ ಆರ್ಸೆನಿಕ್. ನಮ್ಮ ಅಂಗಳದಲ್ಲೇ ಬೇಕಾದಷ್ಟಿದೆ. ಮುರಕಲ್ಲಿನ ಕೆಂಪು ಮಣ್ಣು ಎರಡು ಹಿಡಿ, ನೀರು ನಾಲ್ಕು ಲೋಟ. ಚೆನ್ನಾಗಿ ಕದಡಿ ಇಪ್ಪತ್ತು ಎಣಿಸಿ, ಮರಳು ತಳಕ್ಕೆ ಹೋಗುತ್ತದೆ. ಮೇಲಿನ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ತಿಳಿ ನೀರು ಚೆಲ್ಲಿ, ತಳದ ಕೆಸರನ್ನು ಒಣಗಿಸಿ ಪುಡಿ ಮಾಡಿದರೆ ಬಣ್ಣ. ಇಪ್ಪತ್ತರ ಬದಲು ಐದೇ ಎಣಿಸಿ ಬಗ್ಗಿಸಿದವರ ಬಣ್ಣದಲ್ಲಿ ಕುಂಚ ಕರಕರ ಅನ್ನುತ್ತದೆ. ಅಂಟಿಗೆ ಗೋಂದು ಒಂದು ಪಾಲು, ನೀರು ಎರಡು ಪಾಲು, ರಾತ್ರಿ ನೆನೆಸಿಟ್ಟದ್ದು. ಎರಡು ಚಮಚ ಪುಡಿಗೆ ಒಂದು ಚಮಚ ಅಂಟಿನಿಂದ ಶುರುಮಾಡಿ, ಬೇಕಾದಷ್ಟು ನೀರು ಹಾಕಿ ಅರೆಯಿರಿ. ಒಣಗಿದ ಮೇಲೆ ಬೆರಳಿಗೆ ಪುಡಿ ಅಂಟಿದರೆ ಗೋಂದು ಕಡಿಮೆ, ಹೊಳೆದು ಬಿರುಕು ಬಿಟ್ಟರೆ ಜಾಸ್ತಿ. ಗೋಂದಿನ ಬದಲು ಗಂಜಿತಿಳಿಯೂ ನಡೆಯುತ್ತದೆ, ಮಳೆಗಾಲದಲ್ಲಿ ಎರಡು ದಿನಕ್ಕೆ ಬೂಸ್ಟು ಬರುತ್ತದೆ ಅಷ್ಟೇ. ಹಳದಿಗೆ ಹಲಸಿನ ಮರದ ಕೆತ್ತೆ ಕುದಿಸಿದ ನೀರು, ಆಚಾರಿಗಳಲ್ಲಿ ಕೇಳಿದರೆ ಚೀಲ ತುಂಬ ಕೊಡುತ್ತಾರೆ. ಕಪ್ಪಿಗೆ ದೀಪದ ಕಾಡಿಗೆ. ಅಡಿಕೆ ಬೇಯಿಸಿದ ನೀರಾದ ಚೊಗರಿನ ಕಂದು ಮಲೆನಾಡಿನವರ ಭಾಗ್ಯ. ಅವರು ಅಡಿಕೆ ಬೇಯಿಸುತ್ತಾರೆ, ನಮ್ಮದು ಬೇಯಿಸದೆ ಒಣಗಿಸುವ ಚಾಲಿ.

ಅರಸಿನದ ನೀರು ಬಳಿದು ಒಣಗಿಸಿದ ಕಾಗದದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ಗೆರೆ ಎಳೆದರೆ ಕೆಂಪು ಏಳುತ್ತದೆ, ನಿಂಬೆರಸ ಮುಟ್ಟಿಸಿದರೆ ಮಾಯ. ಸುಣ್ಣದಲ್ಲಿ ಕೆಂಪು ಇನ್ನೂ ಗಾಢ, ಆದರೆ ಕಣ್ಣಿಗೆ ಹಾರಿದರೆ ಸುಡುತ್ತದೆ. ಹಾಗಾಗಿ ಸಣ್ಣವರಿಗೆ ಸೋಡಾ. ಈ ಚಿತ್ರ ಉಳಿಯುವುದಿಲ್ಲ, ಬಿಸಿಲಿಗೆ ಅರಸಿನ ಬೇಗ ಮಾಸುತ್ತದೆ. ಉಳಿಯಲೇಬೇಕು ಎಂದು ಏನಿದೆ? ಕಾಗದದ ಬದಲಿಗೆ ಅಡಿಕೆ ಹಾಳೆಯ ಒಳಮೈಯನ್ನು ಬೂದಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದು, ಒದ್ದೆಯಿರುವಾಗಲೇ ಮಣೆಯಡಿ ಒತ್ತಿಟ್ಟು ಒಣಗಿಸಿದರೆ ಕೆಂಪುಮಣ್ಣು ಚೆನ್ನಾಗಿ ಕೂರುತ್ತದೆ. ಜೂನ್‌ನಿಂದ ಆಗಸ್ಟ್ ತನಕ ಈ ಸಾಹಸ ಬೇಡ, ಏನೂ ಒಣಗುವುದಿಲ್ಲ.

ಕನ್ನಡಿ ಹಿಡಿದು ನೋಡುವುದು

ಬರೆಯುವಷ್ಟೇ ನೋಡುವುದಕ್ಕೂ ಹೊತ್ತು ಕೊಡಬೇಕು. ಇಂಗ್ಲೆಂಡಿನ ಶಿಕ್ಷಣತಜ್ಞೆ ಶಾರ್ಲಟ್ ಮೇಸನ್ (1842–1923) ಹೇಳಿದ ಕ್ರಮವನ್ನು ಮನೆಶಾಲೆಯವರು ಈಗಲೂ ಹಿಡಿದಿದ್ದಾರೆ: ಒಂದು ಚಿತ್ರವನ್ನು ಸುಮ್ಮನೆ ನೋಡು, ತಿರುಗಿಸಿಡು, ಕಂಡದ್ದನ್ನು ಹೇಳು. ಕ್ರಮ ಒಳ್ಳೆಯದು, ಚಿತ್ರಗಳು ಮಾತ್ರ ನಮ್ಮವೇ ಇರಲಿ. ದೇವರಕೋಣೆಯ ಕ್ಯಾಲೆಂಡರ್ ಲಕ್ಷ್ಮಿಯಿಂದಲೇ ಶುರುಮಾಡಬಹುದು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿದ ಮೇಲೆ ಮನೆಮನೆಗೆ ಬಂದ ದೇವರ ಮುಖದ ವಂಶವೇ ಅದು. ಅದರ ಪಕ್ಕ ಉಡುಪಿ ಕಡೆಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ (1911–1996) ಒಂದು ರೇಖಾಚಿತ್ರ ಇಡಿ. ಒಂದರಲ್ಲಿ ಸೀರೆಯ ಜರಿಯನ್ನೂ ಎಣಿಸಬಹುದು, ಇನ್ನೊಂದರಲ್ಲಿ ನಾಲ್ಕೈದು ಗೆರೆಗೆ ಮೈ ಕುಣಿಯುತ್ತದೆ. ಯಾವುದು ಚಂದ ಎಂದು ಕೇಳಬೇಡಿ. ಹೆಬ್ಬಾರರ ಗೆರೆಯನ್ನು ಬೆರಳಿನಿಂದ ಗಾಳಿಯಲ್ಲಿ ಎಳೆಯಲು ಹೇಳಿ, ಎಲ್ಲಿ ನಿಧಾನ, ಎಲ್ಲಿ ಬೀಸು ಎಂದು ಮೊಣಕೈಗೆ ತಿಳಿಯುತ್ತದೆ.

ಕುಂಬಳೆಯ ಹತ್ತಿರದ ಅನಂತಪುರದ ಕೆರೆ ದೇವಸ್ಥಾನಕ್ಕೆ ಹೋದರೆ ಮಕ್ಕಳಿಗೆ ಮೊದಲು ಆ ಕೆರೆಯ ಮೊಸಳೆಯದೇ ಚಿಂತೆ. ಅದು ಮುಗಿಯಲಿ. ಆಮೇಲೆ ಮಂಟಪದ ಒಳಮಾಡಿನ ಮರದ ಕೆತ್ತನೆ. ದಶಾವತಾರದ ಕಥೆಗಳು ಅಲ್ಲಿವೆ, ಕೆಲವಕ್ಕೆ ಬಣ್ಣವೂ ಇದೆ. ದೊಡ್ಡವರು ಎರಡು ನಿಮಿಷ ಕತ್ತೆತ್ತಿ ಹೊರಟುಬಿಡುತ್ತಾರೆ, ಮಕ್ಕಳು ಅಷ್ಟೂ ನೋಡುವುದಿಲ್ಲ, ಕುತ್ತಿಗೆ ನೋಯುತ್ತದೆ. ಅಂಗೈಯಗಲದ ಒಂದು ಕನ್ನಡಿ ಚೀಲದಲ್ಲಿರಲಿ. ಸೊಂಟದ ಎತ್ತರಕ್ಕೆ ಹಿಡಿದು ಕೆಳಗೆ ನೋಡುತ್ತಾ ನಡೆದರೆ ಮಾಡು ಕೈಯೊಳಗೆ ಬಂದು ಬೀಳುತ್ತದೆ. ಒಂದೊಂದೇ ಚೌಕವನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಹಿಂದಿನವರಿಗೆ ಡಿಕ್ಕಿ ಹೊಡೆಯದ ಹಾಗೆ ಒಬ್ಬರು ಹೆಗಲು ಹಿಡಿದುಕೊಂಡಿದ್ದರೆ ಸಾಕು. ಮನೆಗೆ ಬಂದು ನೆನಪಿನಿಂದ ಬರೆದ ಚಿತ್ರದಲ್ಲಿ ಬಲಗೈಯ ಆಯುಧ ಎಡಗೈಗೆ ಬಂದಿರುತ್ತದೆ. ರಬ್ಬರ್ ಹುಡುಕಬೇಡಿ. ಅದೇ ಕನ್ನಡಿಯನ್ನು ಚಿತ್ರದ ಎದುರು ಹಿಡಿಯಲು ಮಗುವಿಗೇ ಕೊಡಿ.